ಸರ್ಕಾರಿ ಕಾಗದದ ಎರಡನೆಯ ಪ್ರತಿ



ಹರಪನಹಳ್ಳಿಯ ಒಬ್ಬ ವಿದ್ಯಾರ್ಥಿ ತನ್ನ ತಾಲೂಕಿನ ನೂರು ವರ್ಷದ ಮಳೆ, ಬೆಳೆ, ಕೆರೆ, ಶಾಲೆಗಳ ಲೆಕ್ಕ ಹಿಡಿಯಲು ಹೊರಟನೆನ್ನಿ. ಅವನು ಎಲ್ಲೆಲ್ಲಿಗೆ ಹೋಗಬೇಕು? 1953ರ ಅಕ್ಟೋಬರ್ 1ಕ್ಕಿಂತ ಹಿಂದಿನದೆಲ್ಲ ಮದ್ರಾಸ್ ಸರ್ಕಾರದ ಕಾಲದ್ದು; ಅದಕ್ಕೆ ಚೆನ್ನೈಗೆ ಹೋಗಿ ಎಗ್ಮೋರಿನ ತಮಿಳುನಾಡು ಪತ್ರಾಗಾರದ ಬಾಗಿಲು ತಟ್ಟಬೇಕು. ಅಲ್ಲಿಂದ ಮುಂದೆ 1997ರವರೆಗೆ ಬಳ್ಳಾರಿ. 1997ರಿಂದ 2018ರವರೆಗೆ ದಾವಣಗೆರೆ. ಆಮೇಲೆ ಮೂರು ವರ್ಷ ಮತ್ತೆ ಬಳ್ಳಾರಿ. 2021ರಿಂದ ಈಚೆಗೆ ಹೊಸ ಜಿಲ್ಲೆಯ ಕೇಂದ್ರವಾದ ಹೊಸಪೇಟೆ. ಊರು ಕದಲಲಿಲ್ಲ, ಕೆರೆ ಕದಲಲಿಲ್ಲ. ಅವುಗಳ ಕಾಗದಪತ್ರ ಮಾತ್ರ ಎರಡು ರಾಜಧಾನಿ ಮೂರು ಜಿಲ್ಲಾ ಕೇಂದ್ರಗಳ ನಡುವೆ ಹಂಚಿಹೋಯಿತು.

ನಮ್ಮ ಸೀಮೆಯ ಉಳಿದ ನಾಲ್ಕು ತಾಲೂಕುಗಳಾದ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಕೂಡ್ಲಿಗಿಗಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಕೊಟ್ಟೂರು ಈಚಿನವರೆಗೂ ಕೂಡ್ಲಿಗಿ ತಾಲೂಕಿನೊಳಗಿನ ಊರು. ಅದರ ಹಳೆಯ ಲೆಕ್ಕವನ್ನೆಲ್ಲ ಕೂಡ್ಲಿಗಿಯ ಹೆಸರಿನಡಿ ಹುಡುಕಬೇಕು. ಹಗರಿಬೊಮ್ಮನಹಳ್ಳಿಯ ಹಿಂದೆ ಮಲ್ಲಾಪುರ ಉಪತಾಲೂಕಿನ ಹೆಸರಿದೆ. ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಿಗೆ ಈಗ ಕಾಗದವೊಂದೇ ನೆಲೆ. ಹೂವಿನಹಡಗಲಿ, ಕೂಡ್ಲಿಗಿಗಳಲ್ಲಿ ಹಿರಿಯರು ಈಗಲೂ ‘ಅಡಂಗಲ್’ ಎನ್ನುವುದುಂಟು. ಅದು ಮದ್ರಾಸಿನ ಮಾತು. ಪಕ್ಕದ ಮೈಸೂರು ಸೀಮೆಯವರಿಗೆ ಪಹಣಿ ಮಾತ್ರ ಗೊತ್ತು.

ಇಂದಿನ ನನ್ನ ವಿಷಯ, ಸರ್ಕಾರಿ ಸಂಸ್ಥೆಗಳಿಗಾಗಿ ಕೆಲಸ ಮಾಡುವ ಗ್ರಂಥಾಲಯಗಳು ದೇಶದೇಶಗಳ ನಡುವೆ ಹೇಗೆ ಕೈಜೋಡಿಸುತ್ತವೆ ಎಂಬುದು. ಸಚಿವಾಲಯದ ಗ್ರಂಥಾಲಯ, ಶಾಸನ ಸಭೆಯ ಗ್ರಂಥಾಲಯ, ನ್ಯಾಯಾಲಯದ ಗ್ರಂಥಾಲಯ, ಕೃಷಿ ಇಲಾಖೆಯ, ಭೂವಿಜ್ಞಾನ ಇಲಾಖೆಯ ಗ್ರಂಥಾಲಯ ಇವೆಲ್ಲ ಆ ಬಳಗಕ್ಕೆ ಸೇರಿದವು. ಬರ ಪರಿಹಾರದ ಟಿಪ್ಪಣಿ ಬರೆಯುವ ಅಧಿಕಾರಿಗೆ ಹಿಂದಿನ ಬರದ ವರದಿ ತೆಗೆದುಕೊಡುವುದು, ಮಸೂದೆಯ ಮೇಲೆ ಮಾತಾಡುವ ಶಾಸಕರಿಗೆ ಬೇರೆ ದೇಶದ ಅಂಥದೇ ಕಾನೂನನ್ನು ಹುಡುಕಿಕೊಡುವುದು ಅವುಗಳ ಕೆಲಸ. ಜನರ ಕಣ್ಣಿಗೆ ಅವು ಬೀಳುವುದು ಕಡಿಮೆ. ಆದರೆ ನಮ್ಮಂಥ, ಆಳುವವರು ಮತ್ತೆ ಮತ್ತೆ ಬದಲಾದ ಸೀಮೆಗೆ ಅವು ಮಾಡಿರುವ ಉಪಕಾರ ದೊಡ್ಡದು. ಇಲ್ಲಿ ಕಳೆದುಹೋದದ್ದು ಎಲ್ಲೋ ದೂರದ ಕಪಾಟಿನಲ್ಲಿ ಎರಡನೆಯ ಪ್ರತಿಯಾಗಿ ಉಳಿದಿದೆ. ಆ ಪ್ರತಿ ಅಲ್ಲಿಗೆ ಹೋದದ್ದು ಹೇಗೆ, ಇಲ್ಲಿಗೆ ಮರಳಿ ತಲುಪಬೇಕಾದರೆ ಏನಾಗಬೇಕು ಎಂಬುದಷ್ಟನ್ನೇ ಇವತ್ತು ನಾನು ಹೇಳಬೇಕೆಂದಿದ್ದೇನೆ.

ನಮ್ಮ ಸೀಮೆಯ ಬಹು ಹಳೆಯ ಸರ್ಕಾರಿ ಕಾಗದ ಕಾಗದವೇ ಅಲ್ಲ, ತಾಮ್ರ. ಹಡಗಲಿ ತಾಲೂಕಿನ ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಅರಸ ಶಿವಸ್ಕಂದವರ್ಮನ ಶಾಸನ ಸುಮಾರು ನಾಲ್ಕನೆಯ ಶತಮಾನದ್ದು. ಭಾಷೆ ಪ್ರಾಕೃತ, ಹೊರಟದ್ದು ಕಾಂಚೀಪುರದಿಂದ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ದಾನದ ವಿವರಕ್ಕಿಂತ ಹೆಚ್ಚಾಗಿ ಆಜ್ಞೆ ಯಾರ್‍ಯಾರಿಗೆ ಎಂಬ ಪಟ್ಟಿ. ರಾಜಕುಮಾರರು, ಸೇನಾಪತಿಗಳು, ರಾಷ್ಟ್ರದ ಅಧಿಕಾರಿಗಳು, ಸುಂಕದವರು, ಊರೂರಿನ ಗ್ರಾಮಭೋಜಕರು, ದನಗಾಹಿಗಳು, ಅಮಾತ್ಯರು, ಕಾವಲಿನವರು ಎಂದು ಅದು ಸಾಗುತ್ತದೆ. ಇಂದಿನ ಸರ್ಕಾರಿ ಸುತ್ತೋಲೆಯ ಕೊನೆಗೆ ಪ್ರತಿಗಳು ಯಾರಿಗೆ ಎಂದು ಬರೆಯುತ್ತಾರಲ್ಲ, ಆ ಪದ್ಧತಿಯ ಬೇರು ಇಲ್ಲಿ ಕಾಣುತ್ತದೆ. ಆಮೇಲೆ ಬರುವುದು ವಿನಾಯಿತಿಗಳು. ದಾನ ಕೊಟ್ಟ ಜಾಗದಲ್ಲಿ ಅಧಿಕಾರಿಗಳು ಹಾಲು ಮೊಸರು ಕೇಳಕೂಡದು, ಉಪ್ಪು ಸಕ್ಕರೆಯ ವಿಷಯಕ್ಕೆ ಕಾಟ ಕೊಡಕೂಡದು, ಸರದಿಯ ಮೇಲೆ ಎತ್ತು ಹಿಡಿಯಕೂಡದು, ಹುಲ್ಲು ಸೌದೆ ತರಕಾರಿ ಹೂವು ಒಯ್ಯಕೂಡದು. ಊರಿಗೆ ಬಂದ ಅಧಿಕಾರಿ ಏನೇನು ಕೇಳುತ್ತಿದ್ದ ಎಂಬುದು ಆ ಸಾಲುಗಳಿಂದಲೇ ತಿಳಿಯುತ್ತದೆ.

ಈ ಶಾಸನವನ್ನು ಓದಿ ಸಂಪಾದಿಸಿದವರು ವಿಯೆನ್ನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಿಯೋರ್ಗ್ ಬ್ಯೂಲರ್. ಅದು ಅಚ್ಚಾದದ್ದು ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದಲ್ಲಿ, 1892ರಲ್ಲಿ. ಆ ಸಂಪುಟ ಸರ್ಕಾರಿ ಪ್ರಕಟಣೆ. ಆದ್ದರಿಂದಲೇ ಅದು ಹಲವು ದೇಶಗಳ ಗ್ರಂಥಾಲಯಗಳಿಗೆ ಹೋಯಿತು. ಹಿರೇಹಡಗಲಿಯ ಹೆಸರನ್ನು ಪ್ರಾಚೀನ ಭಾರತ ಓದಿದ ಯುರೋಪಿನ ವಿದ್ವಾಂಸರೆಲ್ಲ ಬಲ್ಲರು. ಹಿರೇಹಡಗಲಿಯ ಶಾಲೆಯ ಎಷ್ಟು ಮಕ್ಕಳು ಈ ಶಾಸನದ ಕನ್ನಡ ಅನುವಾದವನ್ನು ಕೈಯಲ್ಲಿ ಹಿಡಿದು ಓದಿದ್ದಾರೆ ಎಂದು ಇಲ್ಲಿ ಕೂತಿರುವ ಮೇಷ್ಟ್ರುಗಳು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದು ಏಳು ವರ್ಷ ಹೊಲ ಅಳೆಸಿದ, ಕಂದಾಯ ಕಟ್ಟಿದ. ಅದೇ ಕಾಲದಲ್ಲಿ ಕಾಲಿನ್ ಮೆಕೆಂಜಿಯ ಸಹಾಯಕರು ಊರೂರಿನ ಶಾನುಭೋಗರಿಂದ ಕೈಫಿಯತ್ತು, ಅಂದರೆ ಊರಿನ ಚರಿತ್ರೆ, ಬರೆಸಿಕೊಳ್ಳುತ್ತಿದ್ದರು. ಮೆಕೆಂಜಿ 1821ರಲ್ಲಿ ತೀರಿಕೊಂಡ ಮೇಲೆ ಆ ಸಂಗ್ರಹ ಒಡೆದು ಒಂದು ಪಾಲು ಲಂಡನ್ನಿಗೆ ಹೋಯಿತು, ದಕ್ಷಿಣದ ಭಾಷೆಗಳ ಪಾಲು ಮದ್ರಾಸಿಗೆ ಸೇರಿತು. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಕರ್ನಾಟಕದ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿದ್ದರಿಂದ ಆ ಬರಹ ನಮ್ಮ ಸೀಮೆಗೇ ಹಿಂದಿರುಗಿತು. ಆ ಕೆಲಸ ಆಗಲು ಮದ್ರಾಸಿನ ಸರ್ಕಾರಿ ಹಸ್ತಪ್ರತಿ ಭಂಡಾರ ಅವನ್ನು ಕಾಪಾಡಿಕೊಂಡಿರಬೇಕಿತ್ತು, ಕೇಳಿದವರಿಗೆ ತೋರಿಸಬೇಕಿತ್ತು. ಆ ಎರಡೂ ನಡೆದವು.

ಆಮೇಲೆ ಅಚ್ಚಿನ ಕಾಲ. ಜಾನ್ ಕೆಲ್ಸಾಲನ ಬಳ್ಳಾರಿ ಜಿಲ್ಲಾ ಮ್ಯಾನ್ಯುಅಲ್ 1872ರದು. ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ ಬರೆದ ದೊಡ್ಡ ವರದಿ 1895ರದು. ಡಬ್ಲ್ಯು. ಫ್ರಾನ್ಸಿಸನ ಬಳ್ಳಾರಿ ಗ್ಯಾಸೆಟಿಯರು 1904ರಲ್ಲಿ ಮದ್ರಾಸ್ ಸರ್ಕಾರಿ ಮುದ್ರಣಾಲಯದಿಂದ ಬಂತು. ಅದರಲ್ಲಿ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ತಾಲೂಕುಗಳಿಗೆ ಒಂದೊಂದು ಭಾಗ. ಧಾತು ಈಶ್ವರ ಸಂವತ್ಸರಗಳ ಮಹಾ ಬರದ, ಅಂದರೆ 1876-78ರ, ಹಸಿವಿನ ಲೆಕ್ಕ ಲಂಡನ್ ಪಾರ್ಲಿಮೆಂಟಿನ ಕಾಗದಗಳಲ್ಲೂ ಅಚ್ಚಾಯಿತು. ಈ ಎಲ್ಲ ಪುಸ್ತಕಗಳೂ ಲಂಡನ್ನಿನ ಇಂಡಿಯಾ ಆಫೀಸಿಗೆ ಹೋಗುತ್ತಿದ್ದವು. ಇಂದು ಆ ಭಂಡಾರ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಅದನ್ನು ಸಹಕಾರ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದು ಆಳುವವರಿಗೆ ಆಳಲ್ಪಟ್ಟವರ ಬಗ್ಗೆ ಹೋದ ವರದಿ. ಒಂದೇ ದಿಕ್ಕಿನ ಹರಿವು. ಕೂಡ್ಲಿಗಿಯ ರೈತನ ಬಗ್ಗೆ ಬರೆದದ್ದು ಲಂಡನ್ನಿನ ಗುಮಾಸ್ತನಿಗೆ ಸಿಗುತ್ತಿತ್ತು, ಆ ರೈತನ ಮಗನಿಗೆ ಸಿಗುತ್ತಿರಲಿಲ್ಲ.

ಸಮಾನರ ನಡುವಿನ ವಿನಿಮಯ ಎಂಬ ವಿಚಾರಕ್ಕಾಗಿ ಹೋರಾಡಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಅಲೆಕ್ಸಾಂಡ್ರ್ ವಾತ್ತೆಮಾರ್. ಫ್ರಾನ್ಸಿನವನು, ರಂಗದ ಮೇಲೆ ನಾನಾ ಪಾತ್ರಗಳ ದನಿಯಲ್ಲಿ ಮಾತಾಡಿ ಯುರೋಪನ್ನೆಲ್ಲ ಮೆಚ್ಚಿಸಿದ ಕಲಾವಿದ. ಊರೂರು ಸುತ್ತುವಾಗ ಗ್ರಂಥಾಲಯಗಳಲ್ಲಿ ಒಂದೇ ಪುಸ್ತಕದ ಹಲವು ಪ್ರತಿಗಳು ಧೂಳು ಹಿಡಿದು ಬಿದ್ದಿರುವುದನ್ನೂ ಪಕ್ಕದ ದೇಶದಲ್ಲಿ ಅದೇ ಪುಸ್ತಕಕ್ಕೆ ಬರವಿರುವುದನ್ನೂ ಕಂಡ. ಉಳಿದ ಬದುಕನ್ನೆಲ್ಲ ಒಂದು ಸರ್ಕಾರದ ಪ್ರಕಟಣೆ ಇನ್ನೊಂದು ಸರ್ಕಾರಕ್ಕೆ ತಲುಪಿಸುವ ಕೆಲಸಕ್ಕೇ ಕೊಟ್ಟ. 1839ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಕಾಂಗ್ರೆಸ್ಸಿನವರನ್ನು ಒಪ್ಪಿಸಿದ. ಬಾಸ್ಟನ್ನಿನ ಸಾರ್ವಜನಿಕ ಗ್ರಂಥಾಲಯ ಹುಟ್ಟಲು ಅವನ ಒತ್ತಾಯವೂ ಒಂದು ಕಾರಣ. ಒಬ್ಬ ರಂಗಕಲಾವಿದನಿಂದ ಇಷ್ಟಾಯಿತು ಎನ್ನುವುದು ರಂಗಭಾರತಿ ನಾಟಕ ತಂಡದ ಊರಾದ ಹೂವಿನಹಡಗಲಿಯವರಿಗೆ ಹೆಚ್ಚು ಹತ್ತಿರದ ಮಾತಾದೀತು.

ಮುಂದಿನದು ಒಪ್ಪಂದಗಳ ಕಥೆ. 1886ರಲ್ಲಿ ಬ್ರಸೆಲ್ಸಿನಲ್ಲಿ ಸರ್ಕಾರಿ ಪ್ರಕಟಣೆಗಳ ವಿನಿಮಯದ ಒಪ್ಪಂದ ಆಯಿತು. 1927ರಲ್ಲಿ ಎಡಿನ್‌ಬರೋದಲ್ಲಿ ಗ್ರಂಥಾಲಯ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟ ಇಫ್ಲಾ ಹುಟ್ಟಿತು. 1958ರ ಡಿಸೆಂಬರಿನಲ್ಲಿ ಯುನೆಸ್ಕೊ ದೇಶ ದೇಶಗಳ ನಡುವೆ ಸರ್ಕಾರಿ ದಾಖಲೆ ಕೊಟ್ಟು ತೆಗೆದುಕೊಳ್ಳುವುದಕ್ಕೇ ಬೇರೆ ಒಡಂಬಡಿಕೆ ಮಾಡಿತು. ಇಫ್ಲಾದಲ್ಲಿ ಸರ್ಕಾರಿ ಗ್ರಂಥಾಲಯಗಳಿಗೆ ಒಂದು ವಿಭಾಗ, ಸಂಸತ್ತಿನ ಗ್ರಂಥಾಲಯಗಳಿಗೆ ಇನ್ನೊಂದು. 2008ರಲ್ಲಿ ಇಲಾಖಾ ಗ್ರಂಥಾಲಯಗಳು ಹೇಗಿರಬೇಕೆಂದು ಅದು ಮಾರ್ಗಸೂಚಿಯನ್ನೂ ಹೊರಡಿಸಿತು. ನಮ್ಮ ಕಡೆಯಿಂದ ಎಸ್.ಆರ್. ರಂಗನಾಥನ್ ಈ ಚರ್ಚೆಗಳಲ್ಲಿ ಇದ್ದರು. ವಿಶ್ವಸಂಸ್ಥೆ ತನ್ನ ಗ್ರಂಥಾಲಯಕ್ಕೆ ರೂಪ ಕೊಡುವಾಗ 1948ರಲ್ಲಿ ಕೂಡಿಸಿದ ತಜ್ಞರಲ್ಲಿ ಅವರೂ ಒಬ್ಬರು. ಅದೇ ವರ್ಷ ಮದ್ರಾಸಿನಲ್ಲಿ ಅವರ ಪ್ರಯತ್ನದಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಆಗ ನಮ್ಮ ತಾಲೂಕುಗಳು ಮದ್ರಾಸಿನಲ್ಲಿದ್ದವು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಕೂಡ್ಲಿಗಿಗೂ ಅನ್ವಯಿಸುತ್ತಿತ್ತು; ಮೈಸೂರಿಗೆ ಅಂಥ ಕಾಯ್ದೆ ಬಂದದ್ದು 1965ರಲ್ಲಿ. ಈ ಹೆಮ್ಮೆಯನ್ನು ನಾವು ಎಂದೂ ಬಾಯಿಬಿಟ್ಟು ಹೇಳಿಕೊಂಡಿಲ್ಲ.

ಈಗ ನನಗೆ ಬಹಳ ಮುಖ್ಯವೆನಿಸುವ ಅಧ್ಯಾಯ. ಇಲ್ಲಿರುವ ಹಿರಿಯರಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಸಿಗುತ್ತಿದ್ದ ಅಮೆರಿಕದ ಕೆಂಪು ಗೋಧಿ ನೆನಪಿರಬೇಕು. ಶಾಲೆಯಲ್ಲಿ ಕೊಡುತ್ತಿದ್ದ ಕೇರ್ ಉಪ್ಪಿಟ್ಟು, ಹಾಲಿನ ಪುಡಿ ನೆನಪಿರಬೇಕು. ಜೋಳ, ನವಣೆ ಉಣ್ಣುವ ಸೀಮೆಗೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಗೋಧಿ ಬಂತು. ಅಮೆರಿಕ ಅದನ್ನು ಭಾರತಕ್ಕೆ ಕೊಟ್ಟದ್ದು 1954ರ ಒಂದು ಕಾನೂನಿನ ಅಡಿಯಲ್ಲಿ. ಎಲ್ಲರ ಬಾಯಲ್ಲಿ ಅದು ಪಿ.ಎಲ್. 480. ಗೋಧಿಯ ಬೆಲೆಯನ್ನು ಭಾರತ ಡಾಲರಿನಲ್ಲಿ ಕೊಡಬೇಕಿರಲಿಲ್ಲ, ರೂಪಾಯಿಯಲ್ಲಿ ಕೊಟ್ಟರೆ ಸಾಕಿತ್ತು. ಆ ರೂಪಾಯಿಯನ್ನು ಅಮೆರಿಕ ತನ್ನ ದೇಶಕ್ಕೆ ಒಯ್ಯುವಂತಿರಲಿಲ್ಲ, ಇಲ್ಲೇ ಖರ್ಚು ಮಾಡಬೇಕಿತ್ತು. ಹಾಗೆ ಉಳಿದ ಹಣದ ಒಂದು ಪಾಲಿನಿಂದ ಪುಸ್ತಕ ಕೊಳ್ಳಬಹುದೆಂದು 1958ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಅಮೆರಿಕದ ಸಂಸತ್ತಿಗೆ ಸೇವೆ ಸಲ್ಲಿಸುವ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು.

ಆ ಕಚೇರಿ ಭಾರತದ ಎಲ್ಲ ಪ್ರಮುಖ ಭಾಷೆಗಳಲ್ಲಿ ಅಚ್ಚಾದದ್ದನ್ನು, ಕನ್ನಡವೂ ಸೇರಿ, ಹಲವು ಪ್ರತಿಗಳಲ್ಲಿ ಕೊಂಡು ಷಿಕಾಗೊ, ಬರ್ಕ್ಲಿ, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮುಂತಾದ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಕಾದಂಬರಿ, ಕವನ ಸಂಕಲನಗಳ ಜೊತೆ ಸರ್ಕಾರಿ ಪ್ರಕಟಣೆಗಳನ್ನೂ ಬಿಡಲಿಲ್ಲ: ಸೆನ್ಸಸ್ ಕೈಪಿಡಿ, ಬಜೆಟ್ ಪುಸ್ತಕ, ಆಯೋಗದ ವರದಿ, ಗ್ಯಾಸೆಟಿಯರು. ಹಾಗೆ ಸಾಗರ ದಾಟಿದ ಕನ್ನಡ ಪುಸ್ತಕಗಳ ನಡುವೆ ಕುಳಿತು ಷಿಕಾಗೊದಲ್ಲಿ ಎ.ಕೆ. ರಾಮಾನುಜನ್ ಕೆಲಸ ಮಾಡಿದರು. ಅವರ ವಚನಾನುವಾದ 1973ರಲ್ಲಿ ಹೊರಬಂದು, ಕೊಟ್ಟೂರು ಉಜ್ಜಿನಿಗಳ ಮಠಗಳಲ್ಲಿ ನಿತ್ಯ ಕೇಳಿಬರುವ ವಚನಗಳು ಹೊರಗಿನ ಓದುಗರಿಗೆ ಪರಿಚಯವಾದವು. ನಮ್ಮ ಜನ ಪಡಿತರದ ಸಾಲಿನಲ್ಲಿ ನಿಂತು ಕೊಟ್ಟ ರೂಪಾಯಿಯೂ ಆ ಪುಸ್ತಕಗಳ ಬೆಲೆಯಲ್ಲಿ ಸೇರಿದೆ. ಆದ್ದರಿಂದ ಆ ಕಪಾಟುಗಳ ಮೇಲೆ ನಮಗೂ ಒಂದು ಹಕ್ಕಿದೆ ಎಂದು ನಾನು ದೃಢವಾಗಿ ನಂಬುತ್ತೇನೆ. ಗೋಧಿ ನಿಂತರೂ ದೆಹಲಿಯ ಆ ಕಚೇರಿ ನಿಲ್ಲಲಿಲ್ಲ. ಬೇರೆ ಹಣದಿಂದ ಇಂದಿಗೂ ಪುಸ್ತಕ ಕೊಳ್ಳುತ್ತಿದೆ.

ದೂರದ ಪ್ರತಿ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ಈಚಿನ ಒಂದು ಉದಾಹರಣೆ ಸಾಕು. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸೇರಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಯೋಜನೆ ಹಿಡಿದವು. ಅದರ ಭಾರತದ ಭಾಗ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ. ಹಳೆಯ ಗ್ಯಾಸೆಟಿಯರು, ವರದಿ, ಕನ್ನಡ ಪುಸ್ತಕಗಳು ಸಾವಿರಾರು ಅದರಲ್ಲಿದ್ದವು. ಕೆಲವು ವರ್ಷಗಳ ಹಿಂದೆ ಆ ತಾಣ ಮುಚ್ಚಿತು. ಅಷ್ಟರಲ್ಲಿ ಅದರ ಬಹುಪಾಲಿನ ನಕಲು ಅಮೆರಿಕದ ಇಂಟರ್ನೆಟ್ ಆರ್ಕೈವಿಗೆ ಸೇರಿತ್ತು. ಇವತ್ತು ನಿಮ್ಮ ಮೊಬೈಲಿನಲ್ಲಿ ಹಳೆಯ ಕನ್ನಡ ಪುಸ್ತಕವೊಂದು ತೆರೆದುಕೊಂಡರೆ ಅದು ಆ ನಕಲಿನಿಂದ ಬಂದದ್ದಿರಬಹುದು. ಬೀಜವನ್ನು ಒಂದೇ ಹಗೇವಿನಲ್ಲಿ ಇಡಬಾರದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸರ್ಕಾರಿ ಕಾಗದದಿಂದ ನಮ್ಮ ಬದುಕೇ ತೀರ್ಮಾನವಾದ ಗಳಿಗೆಗಳೂ ಇವೆ. 1921ರ ಕೇಳ್ಕರ್ ತೀರ್ಪಿನಿಂದ 1953ರ ಮಿಶ್ರಾ ಆಯೋಗದವರೆಗೆ ಬಳ್ಳಾರಿ ಜಿಲ್ಲೆ ಆಂಧ್ರದ್ದೋ ಕರ್ನಾಟಕದ್ದೋ ಎಂಬ ವಾದ ನಡೆಯಿತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ವಿಷಯ ಹೆಚ್ಚು ಬೆಳೆಯಲಿಲ್ಲ. ಜನಗಣತಿಯ ಭಾಷಾ ಕೋಷ್ಟಕಗಳು ಕನ್ನಡದ ಪರವಾಗಿ ನಿಚ್ಚಳವಾಗಿದ್ದವು. ಆಂಧ್ರಕ್ಕೆ ಹೋದ ಆದೋನಿ, ಆಲೂರು, ರಾಯದುರ್ಗಗಳ ಕನ್ನಡಿಗರು ಇಂದಿಗೂ ಅದೇ ಕೋಷ್ಟಕಗಳನ್ನು ಬಿಚ್ಚಿ ನೋಡುತ್ತಾರೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೂಡ್ಲಿಗಿ, ಹರಪನಹಳ್ಳಿಗಳನ್ನು ಅತ್ಯಂತ ಹಿಂದುಳಿದ ತಾಲೂಕುಗಳೆಂದು ಗುರುತಿಸಿದ್ದೂ ಸರ್ಕಾರಿ ಅಂಕಿಗಳ ಆಧಾರದ ಮೇಲೆಯೇ. ಹರಪನಹಳ್ಳಿಯವರು ಸಂವಿಧಾನದ 371(ಜೆ) ವಿಧಿಯ ಸವಲತ್ತಿಗಾಗಿ ವರ್ಷಗಟ್ಟಲೆ ಹೋರಾಡುವಾಗ ಕೈಯಲ್ಲಿ ಹಿಡಿದದ್ದು, ಈ ತಾಲೂಕು ಹಿಂದೆ ಬಳ್ಳಾರಿಯದೇ ಆಗಿತ್ತೆಂಬ ಹಳೆಯ ದಾಖಲೆಯನ್ನು.

ಈಗ ನನ್ನ ಕೊರಗನ್ನು ನೇರವಾಗಿ ಹೇಳುತ್ತೇನೆ. ವಿನಿಮಯಕ್ಕೆ ಎರಡು ತುದಿ ಬೇಕು. ಆ ತುದಿಯಲ್ಲಿ ಲಂಡನ್ ಇದೆ, ಷಿಕಾಗೊ ಇದೆ, ಎಗ್ಮೋರ್ ಇದೆ. ಈ ತುದಿಯಲ್ಲಿ ಯಾರಿದ್ದಾರೆ? ತಾಲೂಕು ಕಚೇರಿಯಲ್ಲಿ ರೆಕಾರ್ಡ್ ರೂಮು ಇರುತ್ತದೆ. ಅದು ಬೇಕು, ಅದರ ಕಡತಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿರುವುದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ರೆಕಾರ್ಡ್ ರೂಮು ಗ್ರಂಥಾಲಯವಲ್ಲ. ಅಲ್ಲಿ ನನ್ನ ಸರ್ವೆ ನಂಬರಿನ ಕಾಗದ ಸಿಗಬಹುದು. ಗ್ಯಾಸೆಟಿಯರು, ಬರ ಆಯೋಗದ ವರದಿ, ಇಪ್ಪತ್ತು ವರ್ಷದ ಅಂಕಿಅಂಶ, ಪಕ್ಕದ ಜಿಲ್ಲೆಯ ಅನುಭವ ಸಿಗುವುದಿಲ್ಲ. ಹೊಸದಾಗಿ ಬಂದ ತಹಶೀಲ್ದಾರರಿಗೆ ಈ ತಾಲೂಕಿನ ಕೆರೆಗಳ ಮೇಲೆ ಹಿಂದೆ ಯಾರು ಏನು ಬರೆದಿದ್ದಾರೆಂದು ತೆಗೆದುಕೊಡುವ ಒಬ್ಬ ಗ್ರಂಥಪಾಲಕ ಇರಬೇಡವೆ?

ಹೊಸ ಜಿಲ್ಲೆ ಕಟ್ಟುವ ಈ ಕಾಲವೇ ಅದಕ್ಕೆ ತಕ್ಕ ಕಾಲ. ಹೊಸಪೇಟೆಯ ಜಿಲ್ಲಾ ಆಡಳಿತದಲ್ಲಿ ಒಂದು ಸರ್ಕಾರಿ ಗ್ರಂಥಾಲಯ ಬೇಕು. ಅಧಿಕಾರಿಗಳಿಗೆ ಮೊದಲ ಆದ್ಯತೆ ಇರಲಿ, ಆದರೆ ಬಾಗಿಲು ಜನರಿಗೂ ತೆರೆದಿರಲಿ. ಅದರ ಮೊದಲ ಪತ್ರ ಎಗ್ಮೋರಿಗೆ ಹೋಗಬೇಕು: ಬಳ್ಳಾರಿ ಜಿಲ್ಲೆಯ ಹಳೆಯ ಕಡತಗಳ ಡಿಜಿಟಲ್ ಪ್ರತಿ ಕೊಡಿ ಎಂದು. ಎರಡನೆಯದು ದಾವಣಗೆರೆಗೆ, ಹರಪನಹಳ್ಳಿಯ ಇಪ್ಪತ್ತೊಂದು ವರ್ಷಗಳ ಲೆಕ್ಕಕ್ಕಾಗಿ. ಮೂರನೆಯದು ಬ್ರಿಟಿಷ್ ಲೈಬ್ರರಿಗೆ. ಕೇಳಿದರೆ ಕೊಡುತ್ತಾರೆ, ಕೇಳುವ ವಿಳಾಸ, ಕೇಳುವ ಅಧಿಕಾರ ಒಂದು ಸಂಸ್ಥೆಗೆ ಇರಬೇಕಷ್ಟೆ.

ಕೊಡುವುದಕ್ಕೂ ನಮ್ಮಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಗಿಡ, ಮರ, ಬೆಳೆ, ಪ್ರಾಣಿಗಳ ಜನತಾ ದಾಖಲೆ ಇಡಬೇಕು. ಗುಡೇಕೋಟೆಯ ಕರಡಿಗಳ ಬಂಡೆಗುಡ್ಡ, ಹಡಗಲಿಯ ಮಲ್ಲಿಗೆ ತೋಟ, ಮಳೆಯಾಶ್ರಿತ ಕೆಂಪು ಮಸಾರಿ ಹೊಲಗಳ ಬಗ್ಗೆ ಊರಿನವರೇ ಬರೆಸಿದ ಇಂಥ ದಾಖಲೆಗೆ ರೋಮಿನಲ್ಲಿರುವ ಆಹಾರ ಮತ್ತು ಕೃಷಿ ಸಂಸ್ಥೆಯ ಗ್ರಂಥಾಲಯದಲ್ಲೂ ಓದುಗರಿದ್ದಾರೆ. ಎಲ್ಲವನ್ನೂ ಕೊಡಬೇಕೆಂದಲ್ಲ. ನಾಟಿ ವೈದ್ಯರ ಗುಟ್ಟು, ಖಾಸಗಿ ಜಮೀನಿನ ವಿವರ, ಫಲಾನುಭವಿಗಳ ಗುರುತಿನ ಸಂಖ್ಯೆ ಇವು ಊರಿನಲ್ಲೇ ಉಳಿಯಬೇಕು. ಯಾವುದು ಹೊರಗೆ, ಯಾವುದು ಒಳಗೆ ಎಂದು ತೂಗಿ ನೋಡಲು ಕೂಡ ತರಬೇತಾದ ಗ್ರಂಥಪಾಲಕರೇ ಬೇಕು.

ಇನ್ನೊಂದು ಕೆಲಸವನ್ನು ಹೊರಗಿನವರು ನಮ್ಮ ನೆರವಿಲ್ಲದೆ ಮಾಡಲಾರರು. ಹಳೆಯ ಇಂಗ್ಲಿಷ್ ಪಟ್ಟಿಗಳಲ್ಲಿ ನಮ್ಮ ಊರುಗಳು ಹರ್ಪನಹಳ್ಳಿ, ಹಡಗಲ್ಲಿ ಎಂದೆಲ್ಲ ಇವೆ. ಇಂದಿನ ರೂಪದಲ್ಲಿ ಹುಡುಕಿದವನಿಗೆ ಅರ್ಧ ಸಾಮಗ್ರಿ ಸಿಗುವುದಿಲ್ಲ. ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯ ಹೆಸರು ಯಾವ ಪುನರ್ವಸತಿ ಊರಿಗೆ ಬಂತು, ಯಾವ ಮಜರೆ ಯಾವ ಕಂದಾಯ ಗ್ರಾಮಕ್ಕೆ ಸೇರಿತ್ತು ಎಂಬುದು ಇಲ್ಲಿನವರಿಗೆ ಮಾತ್ರ ಗೊತ್ತು. 2019ರಿಂದ ಪಂಚಾಯತ್ ರಾಜ್ ಇಲಾಖೆಗೆ ಸೇರಿ ಈಗ ಅರಿವು ಕೇಂದ್ರಗಳೆನಿಸಿರುವ ಹಳ್ಳಿಯ ಗ್ರಂಥಾಲಯಗಳ ಮೇಲ್ವಿಚಾರಕರು ತಮ್ಮ ತಮ್ಮ ಪಂಚಾಯಿತಿಯ ಊರುಗಳ ಹಳೆಯ ಹೊಸ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಟ್ಟರೆ, ಆ ಪಟ್ಟಿ ಲಂಡನ್, ಷಿಕಾಗೊ, ಚೆನ್ನೈಗಳ ಪಟ್ಟಿಗಳಿಗೆ ಜೋಡಣೆಯಾಗಬಲ್ಲದು. ಈ ಸಭೆಗೆ ಬಂದಿರುವ ಮೇಲ್ವಿಚಾರಕರಿಂದಲೇ ಅದು ಆರಂಭವಾಗಲಿ ಎಂದು ಬೇಡುತ್ತೇನೆ. ಮೊದಲು ಹಗರಿಬೊಮ್ಮನಹಳ್ಳಿ ತಾಲೂಕಿನ ಮುಳುಗಡೆ ಹಳ್ಳಿಗಳನ್ನು ತೆಗೆದುಕೊಳ್ಳೋಣ. ಅಲ್ಲಿ ಹುಟ್ಟಿ ಬೆಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ.